ರಾಫ್ಟ್ ಒಳಗಿನ ಬಿಸಿ: ಥರ್ಮೋಕಪಲ್ ಎಲ್ಲಿ ಕಟ್ಟಬೇಕು, ಯಾವ ರೀಡಿಂಗ್ ನಂಬಬೇಕು?

ಪ್ರಶ್ನೆ: ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಒಂದು ಕಟ್ಟಡದಲ್ಲಿ ನಾನು ಸೈಟ್ ಎಂಜಿನಿಯರ್. ನಮ್ಮ ರಾಫ್ಟ್ (ಕಟ್ಟಡದ ಅಡಿಗೆ ಹಾಸುವ ಪಾಯದ ಕಾಂಕ್ರೀಟ್ ಹಾಸು) 2.2 ಮೀಟರ್ ದಪ್ಪ, ಎಂ40 ದರ್ಜೆಯ ಕಾಂಕ್ರೀಟ್. ಕನ್ಸಲ್ಟೆಂಟ್ ಹೇಳಿದರು ಅಂತ ಮೊದಲ ಭಾಗಕ್ಕೆ ಮೂರು ಕಡೆ ಥರ್ಮೋಕಪಲ್ (ಉಷ್ಣತೆ ಅಳೆಯುವ ವೈರ್) ಹಾಕಿದೆವು. ಎರಡು ಕಡೆ ನಡುಮಟ್ಟದ ವೈರ್ 66 ಡಿಗ್ರಿ ತೋರಿಸಿತು. ಮೂರನೇ ಕಡೆ ಅದೇ ಮಟ್ಟದ ವೈರ್ ಹಗಲು 33, ರಾತ್ರಿ 21 ತೋರಿಸಿತು. ಎಲೆಕ್ಟ್ರಿಷಿಯನ್ ಕೇಳಿದರೆ 'ಅಲ್ಲಿ ಕಾಂಕ್ರೀಟ್ ತಣ್ಣಗಿದೆ ಸಾರ್' ಅನ್ನುತ್ತಾನೆ. ಮರುದಿನವೇ ಕ್ಯೂರಿಂಗ್‌ಗೆ (ಕಾಂಕ್ರೀಟ್ ಗಟ್ಟಿಯಾಗಲು ತೇವ ಇಡುವುದಕ್ಕೆ) ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸೋಣ ಅಂತ ಮೇಸ್ತ್ರಿ, ಬೇಡವೇ ಬೇಡ ಅಂತ ಕನ್ಸಲ್ಟೆಂಟ್. ಮುಂದಿನ ಭಾಗಕ್ಕೆ ಯಾವ ವೈರ್ ತರಲಿ, ಎಲ್ಲಿ ಕಟ್ಟಲಿ, ಎಷ್ಟು ದಿನ ನೋಡಲಿ?

ಉತ್ತರ:

ಮೊದಲು ಆ ಮೂರನೇ ವೈರ್ ವಿಷಯ. ಅಲ್ಲಿ ಕಾಂಕ್ರೀಟ್ ತಣ್ಣಗಿರಲಿಲ್ಲ. ಒಂದೇ ದಿನ, ಒಂದೇ ಮಿಕ್ಸ್, ಒಂದೇ ದಪ್ಪ. ಎರಡು ಕಡೆ 66 ಆಗಿರುವಾಗ ಮೂರನೇ ಕಡೆ 33 ಆಗಲು ದಾರಿಯೇ ಇಲ್ಲ. ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ: ಹಗಲು 33, ರಾತ್ರಿ 21. ಒಂದು ಮೀಟರ್ ಆಳದ ಕಾಂಕ್ರೀಟ್‌ಗೆ ಹಗಲು ರಾತ್ರಿ ಗೊತ್ತಾಗುವುದಿಲ್ಲ. ಸೂರ್ಯನ ಜೊತೆ ಏರಿ ಇಳಿಯುವ ರೀಡಿಂಗ್ ಬಂದರೆ ಅದು ಗಾಳಿಯ ಉಷ್ಣತೆ. ನಿಮ್ಮ ವೈರ್ ಕಾಂಕ್ರೀಟ್‌ನಿಂದ ಹೊರಗೆ ಬಂದ ಮೇಲೆ ಎಲ್ಲೋ ಶಾರ್ಟ್ ಆಗಿದೆ.

ಇದು ಯಾಕೆ ಹೀಗೆ ಅಂತ ಅರ್ಥವಾದರೆ ಅರ್ಧ ತೊಂದರೆ ಹೋದಂತೆ. ಥರ್ಮೋಕಪಲ್ ಅಂದರೆ ಎರಡು ಬೇರೆ ಬೇರೆ ಲೋಹದ ತಂತಿ, ಒಂದು ತುದಿಯಲ್ಲಿ ಸೇರಿಸಿದ್ದು. ಸೇರಿಸಿದ ತುದಿಗೂ ಮೀಟರ್ ಕಡೆಯ ತುದಿಗೂ ಉಷ್ಣತೆಯಲ್ಲಿ ವ್ಯತ್ಯಾಸ ಇದ್ದರೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. 1821ರಲ್ಲಿ ಥಾಮಸ್ ಸೀಬೆಕ್ ಕಂಡುಕೊಂಡದ್ದು ಇದನ್ನೇ. ಎಷ್ಟು ಸಣ್ಣದು ಅಂದರೆ, ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್. ನಿಮ್ಮ ಮೀಟರ್ 30 ಡಿಗ್ರಿಯಲ್ಲಿ ಕೂತು 66 ತೋರಿಸುವಾಗ ಅದಕ್ಕೆ ಸಿಗುತ್ತಿರುವುದು ಬರೀ ಒಂದೂವರೆ ಮಿಲಿವೋಲ್ಟ್. ಎರಡು ತಂತಿ ಮೊದಲು ಎಲ್ಲಿ ಮುಟ್ಟಿಕೊಳ್ಳುತ್ತವೋ ಮೀಟರ್‌ಗೆ ಅದೇ ತುದಿ. ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ನೀಡಲ್ ತಾಗಿ ನಡುದಾರಿಯಲ್ಲಿ ಇನ್ಸುಲೇಷನ್ ಸುಲಿದು ತಂತಿ ತಂತಿ ಕೂಡಿಕೊಂಡರೆ ಮೀಟರ್ ಆ ಜಾಗದ ಉಷ್ಣತೆ ಹೇಳುತ್ತದೆ. ಎರರ್ ಬರುವುದಿಲ್ಲ. ನೋಡಲು ಸರಿಯಾಗೇ ಇರುವ ಒಂದು ಸಂಖ್ಯೆ ಬರುತ್ತದೆ. ತಂತಿ ಪೂರ್ತಿ ತುಂಡಾದರೆ ಮೀಟರ್ ಓಪನ್ ಅಂತ ತೋರಿಸಿಬಿಡುತ್ತದೆ, ಅದು ಒಳ್ಳೆಯದೇ. ಶಾರ್ಟ್ ಆದದ್ದು ಮಾತ್ರ ಸುಮ್ನೆ ಸುಳ್ಳು ಹೇಳುತ್ತಾ ಕೂರುತ್ತದೆ.

ಹಾಗಾಗಿ ಈಗಲೇ ಒಂದು ಕೆಲಸ ಮಾಡಿ. ಆ ವೈರ್ ಕಾಂಕ್ರೀಟ್‌ನಿಂದ ಹೊರಬರುವ ಜಾಗದಿಂದ ಒಂದು ಗೇಣು ಬಿಟ್ಟು ಕತ್ತರಿಸಿ. ಹೊಸದಾಗಿ ಸುಲಿದು ನೇರವಾಗಿ ಮೀಟರ್‌ಗೆ ಕೊಡಿ. ಬೇರೆಯವುಗಳ ಹತ್ತಿರದ ಸಂಖ್ಯೆ ಬಂದರೆ ಸೆನ್ಸರ್ ಬದುಕಿದೆ. ಆಗಲೂ ಗಾಳಿಗಿಂತ ಸ್ವಲ್ಪ ಜಾಸ್ತಿ, ಮೇಲ್ಮಟ್ಟದ ವೈರ್‌ಗೆ ಸಮೀಪದ ಸಂಖ್ಯೆ ಬಂದರೆ ಶಾರ್ಟ್ ಆಗಿರುವುದು ಕಾಂಕ್ರೀಟ್ ಒಳಗೆ, ಮೇಲುಗಡೆ. ಅದನ್ನು ರಿಪೇರಿ ಮಾಡಲಾಗದು. ಮುಂದಿನ ಭಾಗಕ್ಕೆ ಮುಖ್ಯ ಜಾಗಗಳಲ್ಲಿ ಎರಡೆರಡು ವೈರ್ ಕಟ್ಟಿ, ಎರಡನ್ನೂ ಬೇರೆ ಬೇರೆ ದಾರಿಯಲ್ಲಿ ಹೊರಗೆ ತನ್ನಿ.

ಈಗ ಮೇಸ್ತ್ರಿ ಮತ್ತು ಕನ್ಸಲ್ಟೆಂಟ್ ಜಗಳ. ಇದರಲ್ಲಿ ಕನ್ಸಲ್ಟೆಂಟ್ ಹೇಳಿದ್ದು ಸರಿ. ಮೇಸ್ತ್ರಿ ಹೇಳುವುದು ಸಾಮಾನ್ಯ ಸ್ಲ್ಯಾಬ್‌ಗೆ ಸರಿ. ಸಿಮೆಂಟ್ ನೀರಿನ ಜೊತೆ ಸೇರಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಆರು ಇಂಚಿನ ಸ್ಲ್ಯಾಬ್‌ನಲ್ಲಿ ಹುಟ್ಟಿದ ಬಿಸಿ ಆಗಲೇ ಹೊರಗೆ ಹೋಗಿರುತ್ತದೆ, ನೀರು ನಿಲ್ಲಿಸಿದರೆ ಒಳ್ಳೆಯದೇ ಆಗುತ್ತದೆ. 2.2 ಮೀಟರ್ ರಾಫ್ಟ್ ಬೇರೆ ಜಾತಿ. ಬಿಸಿ ರಾಗಿ ಮುದ್ದೆ ನೋಡಿ: ಮೇಲೆ ಆರಿದೆ ಅಂತ ಬೆರಳು ಒಳಗೆ ಹಾಕಿದರೆ ಸುಡುತ್ತದೆ. ರಾಫ್ಟ್‌ನಲ್ಲೂ ಮೇಲ್ಪದರ ಆರುತ್ತಾ ಕುಗ್ಗಲು ಹೊರಡುತ್ತದೆ. ಒಳಗಿನ ಬಿಸಿ ಭಾಗ ಹಿಗ್ಗಿಕೊಂಡೇ ಇರುತ್ತದೆ, ಮೇಲ್ಪದರವನ್ನು ಕುಗ್ಗಲು ಬಿಡುವುದಿಲ್ಲ. ಎಳೆತ ಹೆಚ್ಚಾಗಿ ಮೇಲ್ಪದರ ಸೀಳುತ್ತದೆ. ಕಾಂಕ್ರೀಟ್ ಒಂದು ಡಿಗ್ರಿಗೆ ಮೀಟರ್‌ಗೆ ಸುಮಾರು 0.01 ಮಿಲಿಮೀಟರ್ ಹಿಗ್ಗುತ್ತದೆ, ಕುಗ್ಗುತ್ತದೆ. 20 ಡಿಗ್ರಿ ವ್ಯತ್ಯಾಸಕ್ಕೆ ಮೀಟರ್‌ಗೆ 0.2 ಮಿಲಿಮೀಟರ್. ಎಳೆ ಕಾಂಕ್ರೀಟ್ ಬಿರುಕು ಬಿಡದೆ ತಡೆಯುವುದು ಅದರ ಅರ್ಧದಷ್ಟು. ಪೂರ್ತಿ 0.2 ಅನ್ನೂ ಒಳಭಾಗ ತಡೆದು ಹಿಡಿಯುವುದಿಲ್ಲವಾದ್ದರಿಂದ 20ರವರೆಗೆ ಹೇಗೋ ನಡೆಯುತ್ತದೆ. ನಡುವಿಗೂ ಮೇಲ್ಪದರಕ್ಕೂ ವ್ಯತ್ಯಾಸ ದಾಟಬಾರದು ಅಂತ ಎಲ್ಲರೂ ಹೇಳುವ ಆ '20 ಡಿಗ್ರಿ' ಬಂದದ್ದು ಇಲ್ಲಿಂದ. ಅಮೆರಿಕದ ಕಾಂಕ್ರೀಟ್ ಸಂಸ್ಥೆ ಎಸಿಐ ಇದನ್ನು 19 ಅನ್ನುತ್ತದೆ, 35 ಫ್ಯಾರನ್‌ಹೀಟ್ ಲೆಕ್ಕದಲ್ಲಿ.

ಈ ಮಿತಿ ಜಲ್ಲಿಯ ಮೇಲೂ ನಿಂತಿದೆ. ಹಳೆಯ ಬ್ರಿಟಿಷ್ ಕೋಡ್‌ನ ಪಟ್ಟಿಯಲ್ಲಿ ನದಿ ಜಲ್ಲಿಗೆ 20, ಗ್ರಾನೈಟ್‌ಗೆ ಸುಮಾರು 28, ಸುಣ್ಣದಕಲ್ಲಿಗೆ 39 ಇತ್ತು. ಬೆಂಗಳೂರಿನ ಸುತ್ತ ನಮಗೆ ಸಿಗುವುದು ಗ್ರಾನೈಟ್ ಜಾತಿಯ ಜಲ್ಲಿಯೇ. ಹಾಗಂತ ನೀವೇ 28 ಅಂತ ಬರೆದುಕೊಳ್ಳಬೇಡಿ. ಡ್ರಾಯಿಂಗ್‌ನಲ್ಲಿ 20 ಅಂತಿದ್ದರೆ 20. ಆದರೆ ಒಂದು ರಾತ್ರಿ 21.5 ಬಂತು ಅಂತ ರಾಫ್ಟ್ ಹಾಳಾಯಿತು ಅನ್ನುವ ಗಾಬರಿಯೂ ಬೇಡ.

ಹೀಗಿರುವಾಗ ಮೇಲೆ ಸಂಪಿನ ತಣ್ಣೀರು ಸುರಿದರೆ ಏನಾಗುತ್ತದೆ? ನಡುವೆ 66. ಮೇಲ್ಮಟ್ಟ 50 ಇದ್ದದ್ದು ಕೆಲವೇ ಗಂಟೆಯಲ್ಲಿ 35ಕ್ಕೆ ಇಳಿಯುತ್ತದೆ. ವ್ಯತ್ಯಾಸ 16 ಇದ್ದದ್ದು 31 ಆಯಿತು. ಒಳಗಿನ ಬಿಸಿಗೆ ಆ ನೀರು ಏನೂ ಮಾಡಿರುವುದಿಲ್ಲ. ಕಾಂಕ್ರೀಟ್‌ನಲ್ಲಿ ಬಿಸಿ ಹರಿಯುವುದು ಅಷ್ಟು ನಿಧಾನ. ಒಂದು ಮೀಟರ್ ಒಳಗಿನ ಬಿಸಿ ಹೊರಗೆ ಬರಲು ಎರಡು ವಾರದ ಲೆಕ್ಕ. ಬಿರುಕು ತಪ್ಪಿಸಬೇಕಾದರೆ ಮೇಲ್ಪದರವನ್ನು ಬೆಚ್ಚಗೆ ಇಡಬೇಕು. ಕೇಳಲು ತಲೆಕೆಳಗು ಅನಿಸುತ್ತದೆ, ಅಲ್ವಾ? ಬಿಸಿಯಾಗಿದೆ ಅಂತ ದೂರು ಕೊಟ್ಟವರಿಗೆ ಕಂಬಳಿ ಹೊದಿಸಿ ಅನ್ನಬೇಕು. ಸೈಟ್‌ನಲ್ಲಿ ಜಗಳ ಆಗುವುದೂ ಇದೇ ಕಾರಣಕ್ಕೆ.

ಮಾಡಬೇಕಾದದ್ದು ಇಷ್ಟು. ಫಿನಿಶಿಂಗ್ ಮುಗಿದು, ಕಾಲಿಟ್ಟರೆ ಗುರುತು ಬೀಳದಷ್ಟು ಗಟ್ಟಿಯಾದ ಕೂಡಲೇ ಪಾಲಿಥೀನ್ ಶೀಟ್ ಹಾಸಿ. ಜೋಡಿಸುವ ಕಡೆ ಒಂದು ಅಡಿ ಒಂದರ ಮೇಲೊಂದು ಬರಲಿ. ಒಳಗಿನ ತೇವ ಅಲ್ಲೇ ನಿಲ್ಲುತ್ತದೆ, ಕ್ಯೂರಿಂಗ್‌ಗೆ ಅದೇ ಸಾಕು. ಶೀಟ್ ಒಳಮೈಯಲ್ಲಿ ಹನಿ ಕಾಣದ ಜಾಗ ಇದ್ದರೆ ಅಲ್ಲಿ ಮಾತ್ರ ಬೆಚ್ಚಗಿನ ನೀರು ಚಿಮುಕಿಸಿ. ಶೀಟ್ ಮೇಲೆ 50 ಮಿ.ಮೀ. ಥರ್ಮಾಕೋಲ್. ಅದರ ಮೇಲೆ ಟಾರ್ಪಾಲ್, ಗಾಳಿಗೆ ಹಾರದಂತೆ ಮರದ ತುಂಡು. ಥರ್ಮಾಕೋಲ್ ಸಿಗದಿದ್ದರೆ ಒಣ ಗೋಣಿಚೀಲ ಎರಡು ಮೂರು ಪದರ ನಡೆಯುತ್ತದೆ. ಒಣ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಒದ್ದೆ ಗೋಣಿ ಬಿಸಿ ತಡೆಯುವುದಿಲ್ಲ, ಆರುತ್ತಾ ಇನ್ನಷ್ಟು ತಣ್ಣಗೆ ಮಾಡುತ್ತದೆ. ಪಕ್ಕದ ಶಟರಿಂಗ್ ಪ್ಲೈವುಡ್ ಆಗಿದ್ದರೆ ಬೇಗ ಬಿಚ್ಚಬೇಡಿ, ಪ್ಲೈವುಡ್ಡೇ ಒಂದು ಹೊದಿಕೆ. ಸ್ಟೀಲ್ ಶಟರ್ ಆದರೆ ಅದರ ಹೊರಗೂ ಥರ್ಮಾಕೋಲ್ ಬೇಕು. ಮೂಲೆಗಳಲ್ಲಿ ಮೇಲಿನಿಂದಲೂ ಎರಡು ಪಕ್ಕದಿಂದಲೂ ಬಿಸಿ ಹೋಗುತ್ತದೆ. ಹೊದಿಕೆ ಸರಿಯಾಗಿ ಕೂರದೆ ಗಾಳಿ ನುಗ್ಗುವುದೂ ಅಲ್ಲೇ.

ಮೇಸ್ತ್ರಿಗೆ ಕ್ಯೂರಿಂಗ್ ಬಿಟ್ಟಂತಾಯಿತು ಅನ್ನುವ ಚಿಂತೆ ಇರುತ್ತದೆ. ನಮ್ಮ ದೇಶದ ಕಾಂಕ್ರೀಟ್ ಕೋಡ್ ಐಎಸ್ 456 ಸಾದಾ ಸಿಮೆಂಟ್‌ಗೆ (ಒಪಿಸಿ) ಕನಿಷ್ಠ 7 ದಿನ ತೇವ ಕೇಳುತ್ತದೆ, ಸ್ಲ್ಯಾಗ್ (ಉಕ್ಕು ಕಾರ್ಖಾನೆಯ ಕಿಟ್ಟದ ಪುಡಿ) ಅಥವಾ ಹಾರುಬೂದಿ ಬೆರೆಸಿದ್ದಕ್ಕೆ ಅದಕ್ಕಿಂತ ಜಾಸ್ತಿ. ನಿಮ್ಮ ಹೊದಿಕೆ ಹೇಗೂ ಹತ್ತು ಹನ್ನೆರಡು ದಿನ ಇರಬೇಕಾಗುತ್ತದೆ. ಪಾಲಿಥೀನ್ ಕೆಳಗೆ ಅಷ್ಟೂ ದಿನ ಕ್ಯೂರಿಂಗ್ ನಡೆದೇ ಇರುತ್ತದೆ.

ಇನ್ನು ವೈರ್. ಸೈಟ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಕೆ ಟೈಪ್. ನನ್ನ ಆಯ್ಕೆ ಟಿ ಟೈಪ್, ಅಂದರೆ ತಾಮ್ರ ಮತ್ತು ಕಾನ್‌ಸ್ಟಂಟನ್. ಕೆ ಟೈಪ್ ಕುಲುಮೆಗೆ ಆಗುವ ವೈರ್, ಸಾವಿರ ಡಿಗ್ರಿಗೂ ಹೆದರುವುದಿಲ್ಲ, ಆದರೆ ಸಾಮಾನ್ಯ ದರ್ಜೆಯಲ್ಲಿ 2.2 ಡಿಗ್ರಿ ಆಚೀಚೆ ಇರಬಹುದು. ಟಿ ಟೈಪ್ 1 ಡಿಗ್ರಿಯೊಳಗೆ ಇರುತ್ತದೆ. ನಮಗೆ ಬೇಕಾದದ್ದು 100 ಡಿಗ್ರಿಯೊಳಗೆ, 20ರ ಮಿತಿ ನೋಡಲು. ಜೆ ಟೈಪ್ ಬೇಡ, ಅದರಲ್ಲಿ ಒಂದು ತಂತಿ ಕಬ್ಬಿಣ, ತುಕ್ಕು ಹಿಡಿಯುತ್ತದೆ. ಯಾವುದೇ ತಂದರೂ ಇಡೀ ಕೆಲಸಕ್ಕೆ ಒಂದೇ ರೋಲ್‌ನಿಂದ ಕತ್ತರಿಸಿ. ಒಂದು ರೋಲ್‌ನ ತಪ್ಪು ಎಲ್ಲಾ ತುಂಡಿನಲ್ಲೂ ಬಹುತೇಕ ಒಂದೇ ಕಡೆಗೆ ಇರುತ್ತದೆ. ನಡು ಕಳೆದು ಮೇಲ್ಮಟ್ಟ ಲೆಕ್ಕ ಹಾಕುವಾಗ ಅದು ಹೊಡೆದುಕೊಂಡು ಹೋಗುತ್ತದೆ.

ಮೀಟರ್‌ನಲ್ಲಿ ಟೈಪ್ ಸರಿಯಾಗಿ ಒತ್ತಿದ್ದೀರಾ ನೋಡಿ. ಟಿ ವೈರ್ ಕೊಟ್ಟು ಮೀಟರ್ ಕೆ ಮೇಲಿದ್ದರೆ 70 ಇರುವ ಕಡೆ 71, 72 ಬರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಅದೇ ಮೀಟರ್ ಜೆ ಮೇಲಿದ್ದರೆ 62, 63 ತೋರಿಸುತ್ತದೆ. ಗರಿಷ್ಠ ಮಿತಿಯಾದ 70 ದಾಟಿದ ರಾಫ್ಟ್ ನಿಮ್ಮ ರಿಜಿಸ್ಟರ್‌ನಲ್ಲಿ ಚೆನ್ನಾಗಿ ಪಾಸಾಗಿರುತ್ತದೆ.

ಬಣ್ಣದ ವಿಷಯದಲ್ಲಿ ನಿಮ್ಮ ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿಬಿಡಿ. ಅಮೆರಿಕದ ಪದ್ಧತಿಯ ವೈರ್‌ನಲ್ಲಿ ಕೆಂಪು ತಂತಿ ಮೈನಸ್. ಟಿ ಟೈಪ್‌ನಲ್ಲಿ ನೀಲಿ ಪ್ಲಸ್, ಕೆಂಪು ಮೈನಸ್. ಕೆ ಟೈಪ್‌ನಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಐಇಸಿ, ಅಂದರೆ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಬಿಳಿ ಮೈನಸ್, ಟಿ ಆದರೆ ಕಂದು ಪ್ಲಸ್, ಕೆ ಆದರೆ ಹಸಿರು ಪ್ಲಸ್. ಕೆಂಪು ಕಂಡರೆ ಪ್ಲಸ್‌ಗೆ ಕೊಡುವುದು ಎಲೆಕ್ಟ್ರಿಷಿಯನ್ ಕೈಗೆ ರೂಢಿ. ಪರೀಕ್ಷೆ ಸುಲಭ: ತುದಿಯನ್ನು ಮುಷ್ಟಿಯಲ್ಲಿ ಹಿಡಿಯಿರಿ. ರೀಡಿಂಗ್ 33, 34ರ ಕಡೆಗೆ ಏರಬೇಕು. ಇಳಿದರೆ ತಂತಿ ತಿರುಗಾಮುರುಗಾ ಆಗಿದೆ. ಮಧ್ಯಾಹ್ನ ಗಾಳಿಯೇ 34 ಇದ್ದಾಗ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಬೆಳಿಗ್ಗೆ ಮಾಡಿ.

ವೈರ್ ಉದ್ದ ಸಾಲದೆ ಸಾದಾ ವೈರಿಂಗ್ ತಂತಿ ಜೋಡಿಸುವುದು ಇನ್ನೊಂದು ರೋಗ. ಜೋಡಿಸಿದ ಗಂಟು ಬಿಸಿಲಲ್ಲಿ 45 ಡಿಗ್ರಿ, ಮೀಟರ್ ನೆರಳಲ್ಲಿ 30 ಅಂತಿಟ್ಟುಕೊಳ್ಳಿ. ಆ 15 ಡಿಗ್ರಿ ನಿಮ್ಮ ರೀಡಿಂಗ್‌ನಲ್ಲಿ ಕಾಣೆಯಾಗುತ್ತದೆ. 66 ಇದ್ದದ್ದು 51 ಆಗುತ್ತದೆ. ರಾತ್ರಿ ಗಂಟು ತಣ್ಣಗಾದಾಗ ರೀಡಿಂಗ್ ತಾನಾಗಿ ಏರುತ್ತದೆ, ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಜೋಡಿಸಲೇಬೇಕಾದರೆ ಅದೇ ಟೈಪ್‌ನ ವೈರ್, ಅದೇ ಟೈಪ್‌ನ ಕನೆಕ್ಟರ್. ಮೀಟರ್ ಅಥವಾ ಲಾಗರ್ (ರೀಡಿಂಗ್ ತಾನೇ ಬರೆದಿಟ್ಟುಕೊಳ್ಳುವ ಯಂತ್ರ) ಕೂಡ ನೆರಳಲ್ಲೇ ಇರಬೇಕು. ತನ್ನ ಟರ್ಮಿನಲ್‌ನ ಉಷ್ಣತೆಯನ್ನು ಅದು ಒಳಗೇ ಅಳೆದು ಕೂಡಿಸುತ್ತದೆ. ಒಂದು ಪಕ್ಕಕ್ಕೆ ಬಿಸಿಲು ಬಡಿದರೆ ಆ ಲೆಕ್ಕ ತಪ್ಪುತ್ತದೆ.

ತುದಿ ಮಾಡುವುದು ಕಷ್ಟವಿಲ್ಲ. ಒಂದು ಸೆಂಟಿಮೀಟರ್ ಸುಲಿದು, ಮೂರು ನಾಲ್ಕು ಸುತ್ತು ಹೊಸೆದು, ಬೆಸುಗೆ ಹಾಕಿ. ನಮ್ಮ ಉಷ್ಣತೆಗೆ ಸೀಸದ ಬೆಸುಗೆ ಸಾಕು, ವೆಲ್ಡಿಂಗ್ ಬೇಕೇಬೇಕು ಅಂತಿಲ್ಲ. ಮೇಲೆ ಎಪಾಕ್ಸಿ ಬಳಿಯಿರಿ ಅಥವಾ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ನೀರು ಒಳಗೆ ಹೋಗಬಾರದು, ಕಂಬಿಗೆ ತಾಗಲೂಬಾರದು. ಬರೀ ತುದಿ ಕಂಬಿಗೆ ತಾಗಿ, ಪಕ್ಕದಲ್ಲಿ ಯಾರಾದರೂ ಅದೇ ಜಾಲಕ್ಕೆ ವೆಲ್ಡಿಂಗ್ ಅರ್ತ್ ಕೊಟ್ಟರೆ ಲಾಗರ್ ಸುಟ್ಟುಹೋಗಬಹುದು.

ಕಟ್ಟುವ ಮೊದಲು ಪ್ರತಿ ವೈರನ್ನೂ ಪರೀಕ್ಷಿಸಿ. ಪುಡಿ ಮಾಡಿದ ಐಸ್‌ಗೆ ಸ್ವಲ್ಪ ನೀರು ಹಾಕಿ ಕಲಸಿ, ತುದಿ ಅದರೊಳಗಿಡಿ, ಸೊನ್ನೆ ಬರಬೇಕು. ಕುದಿಯುವ ನೀರಲ್ಲಿ 100 ಬರಲಿಲ್ಲ ಅಂತ ವೈರ್ ವಾಪಸ್ ಕಳಿಸಬೇಡಿ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಇಲ್ಲಿ ನೀರು ಕುದಿಯುವುದೇ 97ರ ಹತ್ತಿರ. ಮಂಗಳೂರಲ್ಲಿ ಮಾಡಿದರೆ 100 ಬರುತ್ತದೆ. ಜೊತೆಗೆ ಮಲ್ಟಿಮೀಟರ್‌ನಲ್ಲಿ ಪ್ರತಿ ವೈರ್‌ನ ಓಮ್ಸ್ ಬರೆದಿಟ್ಟುಕೊಳ್ಳಿ. ಕಾಂಕ್ರೀಟ್ ಬಿದ್ದ ಮೇಲೆ ಮತ್ತೆ ಅಳೆಯಿರಿ. ಚೆನ್ನಾಗಿ ಕಮ್ಮಿಯಾಗಿದ್ದರೆ ನಡುದಾರಿಯಲ್ಲಿ ಶಾರ್ಟ್. ನಿಮ್ಮ ಮೂರನೇ ವೈರ್ ಅವತ್ತೇ ಸಿಕ್ಕಿಬೀಳುತ್ತಿತ್ತು.

ಜಾಗ ಹೀಗಿರಲಿ. ರಾಫ್ಟ್‌ನ ಮಧ್ಯದಲ್ಲಿ ಒಂದು ನಿಲುವು, ಅಂದರೆ ಕೆಳಗಿನಿಂದ ಮೇಲಕ್ಕೆ ಒಂದೇ ನೇರದಲ್ಲಿ ವೈರ್‌ಗಳು: ತಳದಿಂದ 75 ಮಿ.ಮೀ. ಮೇಲೆ ಒಂದು, ಸರಿಯಾಗಿ ನಡುಮಟ್ಟಕ್ಕೆ ಎರಡು, ಮೇಲ್ಮೈಯಿಂದ 50ರಿಂದ 75 ಮಿ.ಮೀ. ಕೆಳಗೆ ಎರಡು. ಅಂಚಿನಿಂದ ಅರ್ಧ ಮೀಟರ್ ಒಳಗೆ ಇನ್ನೊಂದು ನಿಲುವು. ಮೂಲೆಯಲ್ಲಿ ಮೇಲ್ಮಟ್ಟದ್ದು ಒಂದು. ಲಿಫ್ಟ್ ಪಿಟ್ ಸುತ್ತ ರಾಫ್ಟ್ ಇನ್ನೂ ಆಳಕ್ಕೆ ಇಳಿದಿದ್ದರೆ ಅಲ್ಲಿ ಕಡ್ಡಾಯ, ಅತಿ ಬಿಸಿ ಬರುವುದು ಅಲ್ಲೇ. ಗಾಳಿಗೊಂದು, ನೆರಳಲ್ಲಿ. ಮೇಲ್ಮಟ್ಟದ್ದನ್ನು ತೀರಾ ಮೇಲೆ ಕಟ್ಟಿದರೆ ಬಿಸಿಲು ಗಾಳಿಗೆ ಕುಣಿಯುತ್ತದೆ, ತೀರಾ ಕೆಳಗೆ ಕಟ್ಟಿದರೆ ವ್ಯತ್ಯಾಸ ಕಮ್ಮಿ ತೋರಿಸಿ ನಿಮಗೆ ಸುಳ್ಳು ನೆಮ್ಮದಿ ಕೊಡುತ್ತದೆ. ಮೇಲಿನ ಜಾಲದ ಕಂಬಿಯ ಮಟ್ಟ ಹಿಡಿದು ಕಟ್ಟಿದರೆ ಅಳತೆ ತಪ್ಪುವುದಿಲ್ಲ.

ವೈರನ್ನು ಕಂಬಿಯ ಅಡಿಭಾಗಕ್ಕೆ ತಂದು ಕೇಬಲ್ ಟೈ ಹಾಕಿ. ಮೇಲ್ಭಾಗದಲ್ಲಿ ಇದ್ದರೆ ನೀಡಲ್ ಮತ್ತು ಬೂಟು ಎರಡೂ ಅದರ ಮೇಲೇ ಬೀಳುತ್ತವೆ. ಬೈಂಡಿಂಗ್ ವೈರ್ ಬಿಗಿದು ಕಟ್ಟಬೇಡಿ, ಇನ್ಸುಲೇಷನ್ ಕೊಯ್ದುಬಿಡುತ್ತದೆ. ತುದಿ ಕಂಬಿಯಿಂದ ಎರಡು ಬೆರಳು ದೂರ ನಿಲ್ಲಲಿ. ಮೇಲ್ಮೈ ದಾಟುವ ಕೊನೆಯ ಒಂದಡಿಗೆ ಮಾತ್ರ ಪಿವಿಸಿ ಪೈಪ್ ತೊಡಿಸಿ, ಸ್ಕ್ರೀಡ್ ಎಳೆಯುವವರ ಕಾಲಿಗೆ ಸಿಗುವುದು ಅಲ್ಲೇ. ಪೈಪನ್ನು ಕೆಳಗಿನವರೆಗೂ ಇಳಿಸಬೇಡಿ, ಟೊಳ್ಳು ಪೈಪ್‌ನಲ್ಲಿ ಗಾಳಿ ಆಡುತ್ತದೆ. ಗುರುತಿಗೆ ಕಾಗದದ ಚೀಟಿ ನಂಬಬೇಡಿ. ಸಿಮೆಂಟ್ ನೀರು ಬಿದ್ದ ಮೇಲೆ ಅದರಲ್ಲಿ ಏನೂ ಓದಲಾಗದು. ಇನ್ಸುಲೇಷನ್ ಟೇಪ್‌ನ ಉಂಗುರ ಸುತ್ತಿ: ಒಂದು ಉಂಗುರ ತಳ, ಎರಡು ನಡು, ಮೂರು ಮೇಲೆ.

ರೀಡಿಂಗ್ ಎಷ್ಟು ಸಲ? ಲಾಗರ್ ಇದ್ದರೆ ಅರ್ಧ ಗಂಟೆಗೊಮ್ಮೆ ತಾನೇ ಬರೆದುಕೊಳ್ಳಲಿ. ಕೈ ಮೀಟರ್ ಆದರೆ ಮೊದಲ ಮೂರು ದಿನ ಎರಡು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ನಸುಕಿನ ನಾಲ್ಕರಿಂದ ಆರರ ರೀಡಿಂಗ್ ತಪ್ಪಿಸಬೇಡಿ, ವ್ಯತ್ಯಾಸ ಅತಿ ಹೆಚ್ಚಾಗುವುದು ಆಗಲೇ. ರಿಜಿಸ್ಟರ್‌ನಲ್ಲಿ ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಒಂದು, ಸಂಜೆ ಐದು ಅಂತಷ್ಟೇ ಇದ್ದರೆ ಅದು ಆಫೀಸ್ ಸಮಯದ ಉಷ್ಣತೆ, ಅಷ್ಟೇ. ನಿಮ್ಮ ದಪ್ಪಕ್ಕೆ ನಡುವಿನ ಗರಿಷ್ಠ ಬರುವುದು ಎರಡನೇ ಮೂರನೇ ದಿನ. ಆಮೇಲೆ ನಾಲ್ಕು ಗಂಟೆಗೊಮ್ಮೆ ಸಾಕು.

ಕಾಂಕ್ರೀಟ್ ಹಾಕುವ ಮೊದಲೇ ಯಾವ ಸಂಖ್ಯೆಗೆ ಯಾರು ಏನು ಮಾಡಬೇಕು ಅಂತ ಬರೆದು ಗೋಡೆಗೆ ಅಂಟಿಸಿ. ಥರ್ಮೋಕಪಲ್ ಹಾಕಿಯೂ ಬಿರುಕು ಬಿಟ್ಟ ರಾಫ್ಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ: ರೀಡಿಂಗ್ ಚೆನ್ನಾಗಿ ಬರೆದಿರುತ್ತಾರೆ, ರಾತ್ರಿ ಎರಡು ಗಂಟೆಗೆ 23 ಕಂಡ ಹುಡುಗನಿಗೆ ಅದನ್ನು ಯಾರಿಗೆ ಹೇಳಬೇಕು ಅಂತ ಗೊತ್ತಿರುವುದಿಲ್ಲ. ನಾನಾದರೆ ಹೀಗೆ ಬರೆಯುತ್ತೇನೆ. ವ್ಯತ್ಯಾಸ 15 ಆದರೆ ಹೊದಿಕೆ ಸುತ್ತ ಒಂದು ಸುತ್ತು ಹಾಕಿ ಸಂದು ಮುಚ್ಚುವುದು. 18 ಆದರೆ ಎರಡನೇ ಪದರ ಥರ್ಮಾಕೋಲ್, ಗಂಟೆಗೊಮ್ಮೆ ರೀಡಿಂಗ್. 20 ಆದರೆ ಎಂಜಿನಿಯರ್‌ಗೆ ಫೋನ್, ಎಷ್ಟೇ ಹೊತ್ತಾಗಿರಲಿ. ಎರಡನೇ ಪದರದ ಥರ್ಮಾಕೋಲ್ ಮೊದಲ ದಿನದಿಂದಲೇ ಪಕ್ಕದಲ್ಲಿ ಪೇರಿಸಿಟ್ಟಿರಬೇಕು. ರಾತ್ರಿ ಎರಡಕ್ಕೆ ಯಾವ ಅಂಗಡಿಯೂ ತೆರೆದಿರುವುದಿಲ್ಲ.

ಗರಿಷ್ಠದ ಕತೆ ಬೇರೆ. ಸುಮಾರು 70 ದಾಟಿದರೆ ಎಟ್ರಿಂಗೈಟ್ ಅನ್ನುವ ಹರಳು ಆಗ ಆಗದೆ, ತಿಂಗಳು ವರ್ಷ ಕಳೆದ ಮೇಲೆ ಗಟ್ಟಿ ಕಾಂಕ್ರೀಟ್ ಒಳಗೆ ಹುಟ್ಟಿ ಅದನ್ನು ಒಳಗಿಂದ ಸೀಳುವ ಅಪಾಯ ಇದೆ. ಅದಕ್ಕೇ 70ರ ಮಿತಿ. ಹೊದಿಕೆಯಿಂದ ಇದನ್ನು ಸರಿಪಡಿಸಲಾಗದು. ಹಾಕಿದ ಮೇಲೆ ಏನೂ ಮಾಡಲಾಗದು. ಒಳಗೆ ಪೈಪ್ ಹಾಸಿ ತಣ್ಣೀರು ಹರಿಸಿದ್ದರೆ ಮಾತ್ರ ಸಾಧ್ಯ. ಅಮೆರಿಕದ ಹೂವರ್ ಅಣೆಕಟ್ಟಿಗೆ 1933ರಿಂದ 1935ರವರೆಗೆ ಕಾಂಕ್ರೀಟ್ ಹಾಕುವಾಗ ಒಂದಿಂಚಿನ ಪೈಪ್ 900 ಕಿಲೋಮೀಟರ್‌ಗೂ ಜಾಸ್ತಿ ಹಾಸಿದ್ದರು. ನಮ್ಮ ಕೆಆರ್‌ಎಸ್ ಕಲ್ಲು ಮತ್ತು ಸುರ್ಕಿ ಗಾರೆಯದ್ದು, ಅದಕ್ಕೆ ಈ ತಲೆನೋವು ಇರಲಿಲ್ಲ. ನಿಮ್ಮ ರಾಫ್ಟ್‌ಗೆ ಪೈಪ್ ಬೇಕಿಲ್ಲ. ಮಿಕ್ಸ್‌ನಲ್ಲಿ ನೋಡಿಕೊಳ್ಳಿ.

ಒರಟು ಲೆಕ್ಕ ಹೀಗೆ: ಘನ ಮೀಟರ್‌ಗೆ 100 ಕೆ.ಜಿ. ಒಪಿಸಿಗೆ ಸುಮಾರು 12 ಡಿಗ್ರಿ ಏರಿಕೆ. 400 ಕೆ.ಜಿ. ಒಪಿಸಿ, 30 ಡಿಗ್ರಿಯಲ್ಲಿ ಹಾಕಿದರೆ 30 ಮತ್ತು 48, ಒಟ್ಟು 78. ಅದರಲ್ಲಿ ಶೇಕಡಾ 30 ಹಾರುಬೂದಿ ಆದರೆ ಒಪಿಸಿ 280, ಬೂದಿಯ ಸ್ವಲ್ಪ ಬಿಸಿಯೂ ಸೇರಿ 66, 67ಕ್ಕೆ ನಿಲ್ಲುತ್ತದೆ. ನಿಮ್ಮ ಮೊದಲ ಭಾಗ 66 ಬಂದಿದೆ, ಅಂದರೆ ಆರ್‌ಎಂಸಿಯವರು (ಕಾಂಕ್ರೀಟ್ ಕಲಸಿ ಲಾರಿಯಲ್ಲಿ ತಂದುಕೊಡುವವರು) ಏನೋ ಬೆರೆಸಿದ್ದಾರೆ. ಎಷ್ಟು ಅಂತ ಕೇಳಿ ತಿಳಿದುಕೊಳ್ಳಿ. ಆ ಭಾಗ ಯಾವ ತಿಂಗಳಲ್ಲಿ ಹಾಕಿದಿರಿ ಅನ್ನುವುದೂ ಮುಖ್ಯ. ಡಿಸೆಂಬರ್‌ನಲ್ಲಿ 66 ಬಂದ ಮಿಕ್ಸ್ ಏಪ್ರಿಲ್‌ನಲ್ಲಿ 70 ದಾಟುತ್ತದೆ, ಯಾಕಂದರೆ ಹಾಕುವಾಗಿನ ಉಷ್ಣತೆ ಏರಿದಷ್ಟೂ ಗರಿಷ್ಠ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ತೋರಣಗಲ್ಲಿನ ಸ್ಲ್ಯಾಗ್, ರಾಯಚೂರಿನ ಹಾರುಬೂದಿ ಎರಡೂ ನಮ್ಮ ರಾಜ್ಯದ್ದೇ. ಪಾಲು ಹೆಚ್ಚಿಸಲು ಕೇಳಿ, ಜೊತೆಗೆ ಬಲವನ್ನು 28ರ ಬದಲು 56 ದಿನಕ್ಕೆ ಒಪ್ಪುತ್ತೀರಾ ಅಂತ ಕನ್ಸಲ್ಟೆಂಟ್‌ರನ್ನು ಕೇಳಿ. ರಾಫ್ಟ್ ಮೇಲೆ ಪೂರ್ತಿ ಭಾರ ಬರಲು ಹೇಗೂ ತಿಂಗಳುಗಳು ಬೇಕು. ಬೇಸಿಗೆಯಾದರೆ ಮಿಕ್ಸಿಂಗ್ ನೀರಿನ ಬದಲು ಐಸ್. ಘನ ಮೀಟರ್‌ಗೆ 50 ಕೆ.ಜಿ. ಐಸ್ ಹಾಕಿದರೆ ಕಾಗದದ ಲೆಕ್ಕದಲ್ಲಿ 8, 9 ಡಿಗ್ರಿ ಇಳಿಯುತ್ತದೆ. ಲಾರಿ ಟ್ರಾಫಿಕ್‌ನಲ್ಲಿ ನಿಂತಷ್ಟೂ ಅದರಲ್ಲಿ ಕಳೆಯಿರಿ. ರಾತ್ರಿ ಹಾಕುವುದು ಇದಕ್ಕಿಂತ ಅಗ್ಗ.

ಹೊದಿಕೆ ತೆಗೆಯುವುದು ಯಾವಾಗ? ನಡುವಿನ ಉಷ್ಣತೆಯಿಂದ, ಬರುವ ರಾತ್ರಿಗಳ ಕನಿಷ್ಠ ಉಷ್ಣತೆ ಕಳೆಯಿರಿ. 20ರೊಳಗೆ ಬಂದರೆ ತೆಗೆಯಬಹುದು. ಹಗಲಿನ 33 ಇಟ್ಟುಕೊಂಡು ಲೆಕ್ಕ ಹಾಕಬೇಡಿ, ರಾತ್ರಿಯ 21 ಇಟ್ಟುಕೊಳ್ಳಿ. ಅಂದರೆ ನಡು 41ಕ್ಕೆ ಇಳಿಯುವವರೆಗೆ ಕಾಯಬೇಕು. ತೆಗೆಯುವಾಗ ಬೆಳಿಗ್ಗೆ ಹತ್ತರ ಮೇಲೆ ಟಾರ್ಪಾಲ್ ಮತ್ತು ಥರ್ಮಾಕೋಲ್ ತೆಗೆದು ಪಾಲಿಥೀನ್ ಬಿಡಿ, ಒಂದು ರಾತ್ರಿ ರೀಡಿಂಗ್ ನೋಡಿ, ಮರುದಿನ ಅದನ್ನೂ ತೆಗೆಯಿರಿ. ವೈರ್‌ಗಳನ್ನು ಆಗಲೇ ಕತ್ತರಿಸಬೇಡಿ, ಇನ್ನೆರಡು ದಿನ ಇರಲಿ. ಆಮೇಲೆ ಪಿವಿಸಿ ಪೈಪ್ ಸುತ್ತ ಒಂದಿಂಚು ಆಳಕ್ಕೆ ಕೆತ್ತಿ, ಪೈಪ್ ಮತ್ತು ವೈರನ್ನು ಆ ಗುಂಡಿಯ ತಳಕ್ಕೆ ಕತ್ತರಿಸಿ, ಕುಗ್ಗದ ಗ್ರೌಟ್ ತುಂಬಿ. ಹಾಗೇ ಬಿಟ್ಟರೆ ಆ ಪೈಪ್ ನೀರಿಗೆ ದಾರಿ, ನೆಲಮಾಳಿಗೆಯ ವಾಟರ್‌ಪ್ರೂಫಿಂಗ್‌ನವರು ಆಮೇಲೆ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ.